ಮೋಡೆಮ್ಮಿನ ಅವಸರ

ಅಣೆಕಟ್ಟೆಯಿಂದ ನದಿಗೆ ಹೆಚ್ಚು ನೀರು ಬಿಡುತ್ತಾರೆಂಬ ಸುದ್ದಿ ಬಂದಿತ್ತು. ನೆರೆ ಬಂದು ಫೋನು ಕೈಕೊಟ್ಟರೂ ಸಂದೇಶ ಹೋಗಲೆಂದು ಕಂಪ್ಲಿಯಲ್ಲಿ ಹವ್ಯಾಸಿ (ಹ್ಯಾಮ್) ರೇಡಿಯೊ ಜೋಡಿಸುತ್ತಿದ್ದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಮೋಡೆಮ್ ಶಬ್ದವಾಗಿಸಿ ರೇಡಿಯೊಗೆ ಕೊಡಬೇಕು. ಸಂಡೂರು ಗುಡ್ಡದ ಮೇಲಿನ ನಮ್ಮ ಕೇಂದ್ರ ಅದನ್ನು ಮುಂದೆ ದಾಟಿಸಬೇಕು. ಬೆಳಗಿನಿಂದ ಕಳಿಸಿದ್ದೇ ಬಂತು, ಗುಡ್ಡದಿಂದ ಉತ್ತರವಿಲ್ಲ.

ಇದ್ದಕ್ಕಿದ್ದಂತೆ ರೇಡಿಯೊದಲ್ಲಿ ಹೆಂಗಸೊಬ್ಬರ ದನಿ: “ಯಾರ್ರೀ ಅದು, ಮುಂಜಾನಿಂದ ಕಿರ್ ಅನ್ನಸಾಕ ಹತ್ತೀರಿ?”

ತಾವು ಕಮಲಾಪುರದ ರೇಡಿಯೊ ಹವ್ಯಾಸಿ ಎಂದರು. “ತಪ್ಪಾತ್ರೀ ಅಕ್ಕಾರ, ಬಂದ್ ಮಾಡ್ತೀನಿ” ಎಂದೆ.

“ಬಂದ್ ಮಾಡಬ್ಯಾಡ್ರಿ. ನಿಮ್ಮ ಶಬ್ದದ ಮೊದಲನೇ ತುಂಡು ಕೇಳವಲ್ದು. ರೇಡಿಯೊ ಶುರು ಆಗೋದ್ರಾಗ ಮೋಡೆಮ್ ಮಾತಾಡಿಬಿಡ್ತೈತಿ. ಸ್ವಲ್ಪ ತಡದು ಕಳಿಸ್ರಿ.”

ಸಾಫ್ಟ್‌ವೇರಿನಲ್ಲಿ ಕಾಯುವ ಸಮಯ ಹೆಚ್ಚಿಸಿ ಮತ್ತೆ ಕಳಿಸಿದೆ.

“ಇನ್ನೊಂಚೂರು” ಎಂದರು.

ಅವರ ಮನೆಯ ಕುಕ್ಕರ್ ಕೂಗುತ್ತಿದ್ದುದು ನನಗೂ ಕೇಳುತ್ತಿತ್ತು. ಆದರೂ ಮುಖ ಕಾಣದವನಿಗಾಗಿ ಕೂತೇ ಇದ್ದರು. ಮತ್ತೆ ಹೆಚ್ಚಿಸಿದೆ. ಪರದೆಯ ಮೇಲೆ ಗುಡ್ಡದ ಉತ್ತರ ಮೂಡಿತು! ಎದೆ ತುಂಬಿ ಬಂತು.

“ನಿಮ್ಮ ಉಪಕಾರ ಹ್ಯಾಂಗ ತೀರಿಸಲ್ರೀ?”

“ಈಗ ಅದರ ಬಾಯಿ ಮುಚ್ಚಸ್ರಿ. ಹೊಸಪೇಟಿ ಗೆಳತಿ ಜೋಡಿ ಇದ ಚಾನೆಲ್ಲಿನಾಗ ಮಾತಾಡಾಕ ಆವಾಗಿಂದ ಕಾಯಾಕ ಹತ್ತೀನಿ.”

ಮುಚ್ಚಿಸಿದೆ. ಗೆಳತಿಯರ ಮಾತು ಶುರುವಾಯಿತು. ಆ ಉಪಕಾರ ತೀರಿಸಲು ಸಂಜೆಯವರೆಗೂ ಸುಮ್ಮನೆ ಕೂರಬೇಕಾಯಿತು.