ಬಾತಿ ದಾರಿಯ ಗಂಟೆಸರ

ಆಗಿನ ಕಾಲಕ್ಕೆ ದಾವಣಗೆರೆಯಿಂದ ಹರಿಹರಕ್ಕೆ ಹೊರಟರೆ ದಾರಿಯಲ್ಲಿ ಮನುಷ್ಯರಿಗಿಂತ ಜಿಂಕೆಗಳೇ ಹೆಚ್ಚು ಎದುರಾಗುತ್ತಿದ್ದವು. ಹೀಗೆಂದರೆ ಈಗಿನ ಮಕ್ಕಳು ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ, ನೋಡಿದವರಿಗೆ ಗೊತ್ತು. ಶೇಂಗಾ ಕೀಳುವ ಚಳಿಗಾಲದಲ್ಲಿ, ಸಂಜೆಯಾಯಿತೆಂದರೆ ಬಾತಿಯ ಸುತ್ತಿನ ಹೊಲಗಳಿಂದ ಹಿಂಡು ಹಿಂಡಾಗಿ ರಸ್ತೆಗೆ ಇಳಿಯುತ್ತಿದ್ದವು. ನಮ್ಮ ಕಡೆ ಅವಕ್ಕೆ ಚಿಗರಿ ಅನ್ನುತ್ತಿದ್ದರು.

ನಮ್ಮ ಮನೆ ಮಂಡಿಪೇಟೆಯಲ್ಲಿತ್ತು, ಅಪ್ಪನದು ಹತ್ತಿ ವ್ಯಾಪಾರ. ಮೂರು ಕೈ ದಾಟಿ ಬಂದ ಒಂದು ಕಪ್ಪು ಕಾರಿತ್ತು. ಅದನ್ನು ಓಡಿಸುತ್ತಿದ್ದವರು ಹುಸೇನ್ ಮಾಮ. ಆ ವರ್ಷ ಸುಗ್ಗಿಯ ಶುರುವಿನಲ್ಲೇ ಬಾತಿಯ ಹತ್ತಿರ ಒಂದು ಚಿಗರಿ ಹಾರಿ ಬಂದು ಕಾರಿನ ಮೂತಿಗೆ ಬಡಿದು ಅಲ್ಲೇ ಸತ್ತಿತು. ಲೈಟು ಪುಡಿಯಾಯಿತು. ಹುಸೇನ್ ಮಾಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

“ಒಂದು ದಾಟ್ತು ಅಂದ್ರೆ ಹಿಂಡೆಲ್ಲಾ ದಾಟ್ಬೇಕು ಅಮ್ಮಾರೆ. ಅದೂ ಗಾಡಿ ಹಿಂದಿಂದ ಅಲ್ಲ, ಮುಂದಿಂದಾನೇ. ನಾನೇನ್ ಮಾಡ್ಲಿ ಹೇಳ್ರಿ?” ಎಂದು ಅಜ್ಜಿಯ ಮುಂದೆ ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ನನ್ನ ಅಕ್ಕ ನೀಲಕ್ಕನನ್ನು ಹರಿಹರದ ಗಂಡನ ಮನೆಯಿಂದ ಹೆರಿಗೆಗೆ ಕರೆತರಬೇಕಾಗಿತ್ತು. ಹಿಂದಿನ ವರ್ಷ ಅವಳ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಮನೆಯವರೆಲ್ಲ ಉಸಿರು ಬಿಗಿಹಿಡಿದು ದಿನ ಎಣಿಸುತ್ತಿದ್ದೆವು. ಎತ್ತಿನ ಗಾಡಿ ಕುಲುಕುತ್ತದೆ, ರೈಲಿನ ಮೆಟ್ಟಿಲು ಎತ್ತರ. ಉಳಿದದ್ದು ಕಾರು.

“ಕಾರೇ ಆಗ್ಲಿ. ಆದ್ರೆ ಹುಸೇನಾ, ಬಸುರಿ ಕೂತ ಗಾಡಿ ಒಂದು ಜೀವ ತಗೀಬಾರ್ದು ನೋಡಪ್ಪ” ಎಂದು ಅಜ್ಜಿ ಅಪ್ಪಣೆ ಕೊಟ್ಟಳು. ಮಾತು ಅಷ್ಟೇ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಹುಸೇನ್ ಮಾಮ ಗೋಣಿತಟ್ಟಿಗೆ ಹತ್ತಿ ತುಂಬಿ ಉದ್ದನೆಯ ದಿಂಬು ಹೊಲಿದು ಕಾರಿನ ಮುಂದೆ ಬಿಗಿದರು. ಬಡಿದರೂ ಪ್ರಾಣಿಗೆ ಪೆಟ್ಟಾಗಬಾರದೆಂಬ ಲೆಕ್ಕ. ಅಪ್ಪ ಅದನ್ನು ಸುತ್ತು ಬಂದು ನೋಡಿ, “ಇದಕ್ಕೂ ತಿಂಗಳು ತುಂಬೈತಲ್ಲೋ!” ಎಂದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹತ್ತು ವರ್ಷದ ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ತಲೆಯಲ್ಲಿ ಹುಳ ಹೊಕ್ಕರೆ ಮುಗಿಯಿತು.

“ಅಜ್ಜೀ, ಸಪ್ಪಳ ಮಾಡ್ಕೊಂಡು ಹೋದ್ರೆ ದೂರದಿಂದ್ಲೇ ಓಡಿಹೋಗ್ತಾವೆ. ಬಾತಿ ಹೊಲದಾಗೆ ನಮ್ ಎತ್ತಿನ ಗಂಟೆಸರ ಐತಲ್ಲ, ಅದನ್ನ ಕಾರಿಗೆ ಕಟ್ಟಾಣ” ಎಂದೆ.

“ಎಲಾ ಇವ್ಳ! ಗಿರಿಜಿಗೆ ಬುದ್ಧಿ ಐತೆ ಕಣ್ರೋ!” ಎಂದು ಅಜ್ಜಿ ನನ್ನ ಕೆನ್ನೆ ಹಿಂಡಿದಳು. ಅಷ್ಟು ದೊಡ್ಡ ಹೊಗಳಿಕೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಜ್ಜಿ, ನಾನು, ಹುಸೇನ್ ಮಾಮ ಹೊರಟೆವು. ದಾರಿಯಲ್ಲಿ ಬಾತಿಯ ಹೊಲದಲ್ಲಿ ನಿಲ್ಲಿಸಿದೆವು. ಆಳು ಹನುಮಂತಪ್ಪ ಎಲ್ಲೋ ಹೋಗಿದ್ದ. ಗೂಟಕ್ಕೆ ನೇತುಹಾಕಿದ್ದ ಎರಡು ಗಂಟೆಸರಗಳನ್ನು ನಾನೇ ತಂದೆ, ಹುಸೇನ್ ಮಾಮ ಮುಂದಕ್ಕೆ ಕಟ್ಟಿದರು. ಹರಿಹರ ಮುಟ್ಟುವಷ್ಟರಲ್ಲಿ ಇನ್ನೊಂದು ಫಜೀತಿ. ದಿಂಬು ಗಾಳಿ ತಡೆದು ಇಂಜಿನ್ ಕುದಿದು ಬುಸ್ಸೆಂದು ಆವಿ ಬಿಟ್ಟಿತು. ದಿಂಬನ್ನು ಅಲ್ಲೇ ಬಿಚ್ಚಿಹಾಕಿದರು. ಇನ್ನು ಏನಿದ್ದರೂ ನನ್ನ ಗಂಟೆಗಳೇ ಕಾಯಬೇಕಿತ್ತು.

ಹೋಳಿಗೆ ಊಟ, ಉಡಿ ತುಂಬುವುದು, ಬೀಗರ ಮಾತು. ನಾನು ಹತ್ತು ಸಲ ಬಾಗಿಲಿಗೆ ಹೋಗಿ ಬಿಸಿಲು ನೋಡಿ ಬಂದೆ. ಇನ್ನೇನು ಹೊರಡಬೇಕು, “ನಾಲ್ಕೂವರೆ ಆತು, ರಾಹುಕಾಲ. ಆರರ ಮ್ಯಾಲೆ ಹೋಗ್ರಿ” ಎಂದರು ಅಕ್ಕನ ಅತ್ತೆ. ಚಿಗರಿ ರಸ್ತೆಗಿಳಿಯುವ ಹೊತ್ತೇ ಅದು. ಬೀಗರ ಮನೆಯಲ್ಲಿ ಅಜ್ಜಿಯೂ ಎದುರಾಡುವಂತಿರಲಿಲ್ಲ. ಆ ಒಂದೂವರೆ ತಾಸು ನಾನು ಕಟ್ಟೆಯ ಮೇಲೆ ಉಗುರು ಕಚ್ಚುತ್ತಾ ಕಳೆದೆ.

ಹೊರಟಾಗ ಪಡುವಣ ಕೆಂಪಗಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಮತ್ತು ಅಜ್ಜಿ, ಮುಂದೆ ನಾನು. ಗಾಜಿನ ಸಂದಿನಿಂದ ಹಸಿ ಶೇಂಗಾ ಬಳ್ಳಿಯ ವಾಸನೆ ಬರುತ್ತಿತ್ತು. ಮುಂದೆ ಗಂಟೆ ಘಲ್ ಘಲ್ ಎನ್ನುತ್ತಿತ್ತು. ಅಕ್ಕ ನಗುತ್ತಾ, “ಏನೇ ಗಿರಿಜಿ, ನಾನು ಕಾರಿನಾಗೆ ಕೂತೀನೋ, ಎತ್ತಿನ ಕೊಲ್ಲಾರಿ ಬಂಡಿಯಾಗೋ?” ಎಂದು ಕೇಳಿದಳು.

ಬಾತಿಯ ತಿರುವು ದಾಟಿದ್ದೇ ತಡ, ರಸ್ತೆ ತುಂಬ ಚಿಗರಿ. ಗಂಟೆ ಕೇಳಿ ಕಿವಿ ನಿಮಿರಿಸಿದವು, ಅಷ್ಟೇ. ಒಂದೂ ಓಡಲಿಲ್ಲ. ನಡುವೆ ಹೊಟ್ಟೆ ಇಳಿಬಿದ್ದ ಒಂದು ಹೆಣ್ಣು ಚಿಗರಿ ನಮ್ಮತ್ತಲೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಹುಸೇನ್ ಮಾಮ “ಯಾ ಅಲ್ಲಾ!” ಎಂದು ಬ್ರೇಕ್ ಒತ್ತಿದರು. ನಾನು ಮುಂದಕ್ಕೆ ಬಡಿದುಕೊಂಡೆ. ಹಿಂದೆ ಅಕ್ಕ “ಅಯ್ಯವ್ವಾ” ಎಂದು ಕೂಗಿದಳು. ಕಾರು ಆ ಚಿಗರಿಯಿಂದ ಒಂದು ಮಾರು ದೂರದಲ್ಲಿ ನಿಂತಿತು.

ಅಜ್ಜಿ ಎರಡೂ ಕೈಯಲ್ಲಿ ಅಕ್ಕನ ಹೊಟ್ಟೆ ತಬ್ಬಿ ಹಿಡಿದಿದ್ದಳು. ಅಕ್ಕ ಅಜ್ಜಿಯ ಕೈ ಮೇಲೆ ಕೈಯಿಟ್ಟು, “ಏನಿಲ್ಲಜ್ಜಿ, ಒದೀತೈತೆ” ಎಂದಳು. ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಸೇನ್ ಮಾಮನ ಕೈ ಹಾರ್ನಿನತ್ತ ಹೋಯಿತು. “ಬ್ಯಾಡೋ! ಬೆದರಿ ಮ್ಯಾಲೆ ಹಾರ್ತಾವೆ” ಎಂದಳು ಅಜ್ಜಿ. ನಾನು ಬಾಗಿಲು ತೆಗೆದು ಇಳಿದೇಬಿಟ್ಟೆ. ನಾಚಿಕೆಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ಮೆಲ್ಲಗೆ ಚಪ್ಪಾಳೆ ತಟ್ಟುತ್ತಾ, “ಹೋಗ್ರವ್ವಾ, ದಾರಿ ಬಿಡ್ರವ್ವಾ, ನಮ್ಮಕ್ಕ ಬಸುರಿ” ಎನ್ನುತ್ತಾ ನಡೆದೆ. ಮನುಷ್ಯರ ಕಾಲ ಸಪ್ಪಳಕ್ಕೆ ಅವು ಹಿಂದೆ ಸರಿದು, ಒಂದೊಂದಾಗಿ ಹೊಲಕ್ಕೆ ಇಳಿದವು. ಹೊಟ್ಟೆಯ ಚಿಗರಿ ಎಲ್ಲಕ್ಕಿಂತ ಕೊನೆಗೆ ಹೋಯಿತು. ನಮ್ಮ ಹೊಲದ ಗುಡಿಸಲು ಬರುವವರೆಗೂ ನಾನು ಮುಂದೆ, ಕಾರು ಹಿಂದೆ.

ಗಂಟೆ ಕೇಳಿ ಹನುಮಂತಪ್ಪ ಕಂದೀಲು ಹಿಡಿದು ಓಡಿ ಬಂದ. “ನಮ್ಮೆತ್ತು ಬಿಚ್ಕೊಂಡು ಬಂದ್ವೇನೋ ಅನ್ಕೊಂಡೆ” ಎಂದವನು ವಿಷಯ ಕೇಳಿ ಹಣೆ ಚಚ್ಚಿಕೊಂಡ. “ಅಯ್ಯ ಅಮ್ಮಾರೆ! ಈ ಗಂಟೆಗೆ ಚಿಗರಿ ಹೆದರ್ತಾವಾ? ದಿನಾ ನಮ್ಮೆತ್ತಿನ ಜೋಡಿಗೇ ಮೇಯ್ತಾವೆ. ಎತ್ತು ಬಂದ್ವು ಅಂತ ನಿಂತಿರ್ತಾವೆ.”

ನಾನು ಬೈಗುಳಕ್ಕೆ ಕಾದೆ. ಅಜ್ಜಿ ಬೈಯಲಿಲ್ಲ. ಒಂದು ಗಂಟೆ ಬಿಚ್ಚಿ ನನ್ನ ಕೈಗೆ ಕೊಟ್ಟು, “ಇಟ್ಕಾ. ಹುಟ್ಟೋ ಕೂಸಿಗೆ ಆಡೋಕಾಗ್ತೈತೆ” ಎಂದಳು. ಮುಂದಿನ ತಿಂಗಳು ಗಂಡು ಹುಟ್ಟಿತು. ಆ ಗಂಟೆ ಹಿಡಿದೇ ಆಡಿ ಬೆಳೆದ.

ಈಗ ಅಜ್ಜಿ ಇಲ್ಲ, ಹುಸೇನ್ ಮಾಮ ಇಲ್ಲ, ನೀಲಕ್ಕನೂ ಹೋದಳು. ಆ ಕೂಸಿಗೇ ತಲೆ ನರೆತಿದೆ. ಮೊನ್ನೆ ತನ್ನ ಹೊಸ ಕಾರಿನಲ್ಲಿ ನನ್ನನ್ನು ಹರಿಹರಕ್ಕೆ ಕರೆದೊಯ್ದ. ಕಾರಿನ ಮುಂದೆ ದಪ್ಪನೆಯ ಸ್ಟೀಲಿನ ಗಾರ್ಡ್ ಹಾಕಿಸಿದ್ದಾನೆ.

“ಏನು ಅಡ್ಡ ಬರ್ತೈತೆ ಅಂತ ಹಾಕ್ಸಿದಿಯೋ?” ಎಂದು ಕೇಳಿದೆ.

“ಏನ್ ಬರ್ತೈತೆ ಚಿಗವ್ವ, ಏನೂ ಬರಲ್ಲ. ಎಲ್ರೂ ಹಾಕ್ಸಿದ್ರು, ನಾನೂ ಹಾಕ್ಸಿದೆ.”

ಸಂಜೆಯಾಗಿತ್ತು. ಬಾತಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ, ಅಗಲ ರಸ್ತೆ, ಲೈಟು, ಲಾರಿ. ನನ್ನ ಕಾಲು ಮಾತ್ರ ಸುಮ್ಮನಿರಲಿಲ್ಲ. ಸ್ವಲ್ಪ ನಿಲ್ಲಿಸೋ, ಇಳಿದು ಮುಂದೆ ನಡೀತೀನಿ ಅನ್ನಬೇಕೆಂದು ಬಾಯಿಗೆ ಬಂತು. ನುಂಗಿಕೊಂಡೆ. ದಾರಿ ಬಿಡ್ರವ್ವಾ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.