ಅಪ್ಪ ಗಾಡಿ ಹೊಡೆದ ದಾರಿ

ಅರವತ್ತರ ದಶಕದ ಮೊದಲಲ್ಲಿ ನಾನು ಸಿದ್ಧಕಟ್ಟೆಯ ಕಡೆಯ ಒಂದು ಶಾಲೆಯಲ್ಲಿ ಅಧ್ಯಾಪಕಿಯಾಗಿದ್ದೆ. ಬಸ್ಸು ಬರುವ ಮುಂಚೆ ಸಾಮಾನು ಹೇಗೆ ಸಾಗುತ್ತಿತ್ತು ಎಂದು ಹುಡುಕುವ ಹುಚ್ಚು ನಮ್ಮ ಹೆಡ್‌ಮಾಸ್ಟರರಿಗೆ. ಒಂದು ಭಾನುವಾರ ನಮ್ಮನ್ನು, ಆರು ಮಂದಿ ಅಧ್ಯಾಪಕರನ್ನು, ಕರೆದುಕೊಂಡು ಮೂಡಬಿದ್ರೆಗೆ ಹೋಗುವ ಹಳೆಯ ಗಾಡಿದಾರಿ ಹುಡುಕುತ್ತಾ ಹೊರಟರು.

ನನಗೆ ಎಲ್ಲರಿಗಿಂತ ಹೆಚ್ಚು ಉತ್ಸಾಹ. ತೀರಿಹೋದ ನನ್ನ ಅಪ್ಪ ಬಂಟ್ವಾಳದ ಪೇಟೆಯಿಂದ ಉಪ್ಪು, ಒಣಮೀನು ತುಂಬಿಕೊಂಡು ಅದೇ ದಾರಿಯಲ್ಲಿ ಎತ್ತಿನ ಗಾಡಿ ಹೊಡೆದವರು. ಎಡಗಡೆಯ ಎತ್ತು ನೀರು ಕಂಡರೆ ಹೆದರುತ್ತಿತ್ತು ಎಂದು ಅವರು ಹೇಳಿದ್ದನ್ನು ನಾನು ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದೆ.

ಆದರೆ ದಾರಿ ಹೋಗುತ್ತಾ ಹೋಗುತ್ತಾ ಕಿರಿದಾಯಿತು. ಗದ್ದೆಯ ಅಂಚಿನ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಆಮೇಲೆ ಗುಡ್ಡಕ್ಕೆ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು. ಮೆಟ್ಟಿಲು ಹತ್ತುವ ಗಾಡಿ ಯಾವುದು ಎಂದು ಯಾರೋ ನಕ್ಕರು. ಮೇಲೆ ಎರಡು ಕಂಬಗಳ ಮೇಲೆ ಅಡ್ಡ ಮಲಗಿಸಿದ, ಭುಜದೆತ್ತರದ ಚಪ್ಪಡಿಯೊಂದಿತ್ತು.

ಅಲ್ಲೇ ಸೊಪ್ಪು ಕೊಯ್ಯುತ್ತಿದ್ದ ಅಜ್ಜಿಯೊಬ್ಬರನ್ನು ಹೆಡ್‌ಮಾಸ್ಟರರು ವಿಚಾರಿಸಿದರು. ತಲೆಹೊರೆಯವರು ಹೊರೆ ಇಳಿಸಿ ದಣಿವಾರಿಸುವ ಕಲ್ಲು ಅದು ಎಂದರು ಅಜ್ಜಿ. ಬಂಟ್ವಾಳದ ಉಪ್ಪು, ಒಣಮೀನು ಎಲ್ಲ ತಲೆಯ ಮೇಲೆಯೇ ಬರುತ್ತಿತ್ತಂತೆ.

"ಗಾಡಿ?" ಎಂದೆ ನಾನು.

"ಗಾಡಿ ಎಲ್ಲಿಂದ ಮಗಾ? ನಾನು ಮದುವೆಯಾಗಿ ಬಂದ ಮೇಲೆ ಈ ದಾರಿಯಲ್ಲಿ ಒಂದು ಗಾಡಿಯೂ ಹೋದದ್ದಿಲ್ಲ."

ನಮಗೆ ದಾರಿ ತಪ್ಪಿರಬೇಕು ಎಂದರು ಹೆಡ್‌ಮಾಸ್ಟರರು. ಅವರು ನನ್ನ ಮುಖ ನೋಡದೆ ಹೇಳಿದ್ದರಿಂದ ನನಗೆ ಇನ್ನಷ್ಟು ಗಲಿಬಿಲಿಯಾಯಿತು. ಅಪ್ಪನ ನೆತ್ತಿಯಲ್ಲಿ ಕೂದಲು ಉದುರಿ ನುಣ್ಣಗಾಗಿದ್ದ ಜಾಗ ನೆನಪಾಯಿತು. ಅಂಥ ಬೋಳು ಯಾವ ಗಂಡಸಿಗಿಲ್ಲ ಎಂದುಕೊಂಡೆ. ಅಲ್ಲಿಂದ ಮೂಡಬಿದ್ರೆಯವರೆಗೆ ನಾನು ಎತ್ತಿನ ಸುದ್ದಿ ಎತ್ತಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ, ಅಪ್ಪನಿಗೆ ನಿಜವಾಗಿ ಗಾಡಿ ಇತ್ತೇ ಎಂದು ಅಮ್ಮನನ್ನು ಕೇಳಿದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಉಂಟು ಅಂತ ಹೇಳಿಯೇ ನನ್ನನ್ನು ಮದುವೆಯಾದದ್ದು. ನಾನು ಬರುವಾಗ ಅದನ್ನು ಮಾರಿ ಆಗಿತ್ತಂತೆ."

"ನೀನು ನಂಬಿದೆಯಾ?"

"ಎತ್ತುಗಳ ಹೆಸರು ಹೇಳ್ತಿದ್ದರಲ್ಲ," ಎಂದು ಅಮ್ಮ ಮೊರ ಕೊಡವಿದರು. "ಒಂದೊಂದು ಸಲ ಒಂದೊಂದು ಹೆಸರು."

ಅವರು ನಗುತ್ತಿದ್ದರೋ ಇಲ್ಲವೋ, ತಲೆ ಬಗ್ಗಿಸಿದ್ದರಿಂದ ನನಗೆ ತಿಳಿಯಲಿಲ್ಲ.