ಕೂತಲ್ಲೇ ಓಡಿಸಿದ ದೂರ

ನನ್ನ ಸೋದರಮಾವ ಗಾಡಿ ಓಡಿಸಿ ಬದುಕಿದವನು, ಆದರೆ ಕೆಲಸದ ಹೊತ್ತಿನಲ್ಲಿ ಒಂದು ಗೇಣೂ ಮುಂದೆ ಹೋದವನಲ್ಲ. ಹೊಸ ಕಾರುಗಳನ್ನು ಪರೀಕ್ಷೆ ಮಾಡುವ ಕೇಂದ್ರವೊಂದರಲ್ಲಿ ಅವನು ಡ್ರೈವರ್. ಅಲ್ಲೊಂದು ಕಿಟಕಿಯಿಲ್ಲದ ಕೋಣೆ, ನೆಲದೊಳಗೆ ಕೂರಿಸಿದ ದಪ್ಪ ಉಕ್ಕಿನ ಉರುಳೆಗಳು. ಕಾರಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಕಾರು ಹಾರಿ ಹೋಗದ ಹಾಗೆ ಪಟ್ಟಿ ಬಿಗಿದು, ಮಾವ ಒಳಗೆ ಕೂತು ಓಡಿಸುತ್ತಿದ್ದ. ಎದುರಿನ ಪರದೆಯಲ್ಲಿ ಒಂದು ಗೆರೆ ಏರುತ್ತ ಇಳಿಯುತ್ತ ಸಾಗುತ್ತದೆ, ಕಾರಿನ ವೇಗ ಆ ಗೆರೆಯನ್ನು ಬಿಡಬಾರದು. ಚಕ್ರ ತಿರುಗುತ್ತದೆ, ಉರುಳೆ ತಿರುಗುತ್ತದೆ, ಕಾರು ಮಾತ್ರ ನಿಂತಲ್ಲೇ ಇರುತ್ತದೆ. ಬ್ಯಾಟರಿ ಬರಿದಾಗುವ ಹೊತ್ತಿಗೆ ಎಷ್ಟು ಕಿಲೋಮೀಟರ್ ಆಯಿತು ಎಂಬ ಲೆಕ್ಕ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ.

ಅವನಿಗೆ ‘ಕೂತಲ್ಲೇ ಸವಾರ’ ಎಂದು ಹೆಸರಿಟ್ಟವಳು ಅಮ್ಮ. “ಗಾಣದ ಎತ್ತಾದ್ರೂ ಒಂದು ಸುತ್ತು ಹಾಕತ್ತೆ ಕಣೋ, ನಿನ್ನದು ಅದೂ ಇಲ್ಲ” ಎಂದು ರೇಗಿಸುತ್ತಿದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದ್ದು ಅವಳೇ. ಅವಳು ಏನಂದರೂ ಅವನು ಹಲ್ಲು ಕಿರಿಯುತ್ತಿದ್ದ. ನನಗೂ ಅವನು ಮಾವ ಎನ್ನುವುದಕ್ಕಿಂತ ಅಣ್ಣನ ಹಾಗೆ, ಏಕವಚನದಲ್ಲೇ ನಮ್ಮ ಮಾತು.

ಆ ಕೇಂದ್ರದಲ್ಲಿ ಅವನ ಪಾದಕ್ಕೆ ದೊಡ್ಡ ಹೆಸರಿತ್ತು. ಪೆಡಲನ್ನು ಒತ್ತಬಾರದು, ಸವರಬೇಕು ಎನ್ನುತ್ತಿದ್ದ. ಒಮ್ಮೆ ಒಂದು ಎಲೆಕ್ಟ್ರಿಕ್ ಕಾರು ಅವನ ಕಾಲಡಿಯಲ್ಲಿ ನಾನೂರು ಚಿಲ್ಲರೆ ಕಿಲೋಮೀಟರ್ ಓಡಿತು. ಅದು ಮಾರಾಟಕ್ಕೆ ಬಂದ ಕೂಡಲೇ ಅದೇ ಮಾದರಿಯದೊಂದನ್ನು ತಾನೂ ಕೊಂಡ. “ಜನ ಜಾಹೀರಾತು ನಂಬ್ತಾರೆ. ನಾನು ನನ್ನ ಕಾಲು ನಂಬ್ತೀನಿ” ಎಂದ. ಊರೊಳಗೆ ಆ ಲೆಕ್ಕ ನಿಜವೂ ಆಯಿತು. ಸಿಗ್ನಲ್ಲಿಗೊಮ್ಮೆ ನಿಂತು ತೆವಳುವ ಬೀದಿಗಳಲ್ಲಿ ಕಾರು ಹೇಳಿದಷ್ಟು ಓಡುತ್ತಿತ್ತು. ಹೆದ್ದಾರಿಗೆ ಅದನ್ನು ಅವನು ಇಳಿಸಿದ್ದೇ ಇಲ್ಲ. ಹೋಗುವುದಾದರೂ ಎಲ್ಲಿಗೆ? ನಮ್ಮ ನೆಂಟರಿಷ್ಟರೆಲ್ಲ ನಾಲ್ಕು ಬೀದಿಯೊಳಗೇ ಇದ್ದರು.

ಅಷ್ಟರಲ್ಲಿ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೈಯ ನರಗಳು ಗಂಟುಗಟ್ಟಿದವು, ಮುಖ ಬೂದಿ ಬಣ್ಣಕ್ಕೆ ತಿರುಗಿತು. ಮನೆಯವರ ಕಿಡ್ನಿ ಯಾವುದೂ ಅವಳಿಗೆ ಹೊಂದಲಿಲ್ಲ. ದೂರದ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಯಾರೋ ಗುರುತಿಲ್ಲದವರ ಸಾವಿಗಾಗಿ ಕಾಯುತ್ತ ಕೂತೆವು. ಹೀಗೆ ಬರೆಯಲು ನನಗೇ ಅಸಹ್ಯವಾಗುತ್ತದೆ, ಆದರೆ ಕಾದದ್ದು ಅದಕ್ಕೇ.

ಒಂದು ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಫೋನ್ ಬಂತು. “ಕಿಡ್ನಿ ಸಿಕ್ಕಿದೆ. ನಾಲ್ಕು ಗಂಟೆಯೊಳಗೆ ಇಲ್ಲಿರಬೇಕು. ಇನ್ನೊಬ್ಬರನ್ನೂ ಕರೆಸಿದ್ದೀವಿ, ನೀವು ತಡ ಮಾಡಿದ್ರೆ ಅವರಿಗೆ ಹೋಗತ್ತೆ.”

ಆಸ್ಪತ್ರೆ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ಪಕ್ಕದ ಮನೆಯ ಮೇಷ್ಟ್ರು ತಮ್ಮ ಪೆಟ್ರೋಲ್ ಕಾರಿನ ಕೀಲಿ ಹಿಡಿದು ಬಾಗಿಲಿಗೇ ಬಂದರು. “ಹೆದ್ದಾರೀಲಿ ಆ ಲೆಕ್ಕ ನಡೆಯಲ್ಲ ಮಾರಾಯ. ಇದನ್ನ ತಗೊಂಡು ಹೋಗು.”

ಮಾವ ಕೀಲಿ ಮುಟ್ಟಲಿಲ್ಲ. “ನಾನೇ ಓಡಿಸಿ ನೋಡಿರೋ ಗಾಡಿ ಮೇಷ್ಟ್ರೆ. ಹೋಗಿ ಮುಟ್ಟಿದ್ಮೇಲೂ ನೂರು ಕಿಲೋಮೀಟರ್ ಮಿಗತ್ತೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನೇನು ದಡ್ಡನಲ್ಲ. ಕೋಣೆಯಲ್ಲಿ ಎ.ಸಿ. ಹಾಕುವುದಿಲ್ಲ, ಜೋರಿನ ಓಟ ಸ್ವಲ್ಪವೇ ಹೊತ್ತು, ಎದುರುಗಾಳಿ ಇಲ್ಲ ಎನ್ನುವುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಗೆರೆ ತಪ್ಪದೆ ಓಡಿಸಿ ಓಡಿಸಿ, ರಸ್ತೆಯೂ ಆ ಗೆರೆಯ ಹಾಗೆಯೇ ಇರುತ್ತದೆ ಎಂದು ನಂಬಿಬಿಟ್ಟಿದ್ದ. ಈ ಬಗೆಯ ತಪ್ಪು ಬೇರೆ ಯಾರೂ ಮಾಡುತ್ತಿರಲಿಲ್ಲ. ಲಾರಿ ಓಡಿಸುವವನು ಖಂಡಿತ ಮಾಡುತ್ತಿರಲಿಲ್ಲ.

ಮೊದಲ ಒಂದು ಗಂಟೆ ಅಮ್ಮ ನಗುತ್ತಲೇ ಇದ್ದಳು. “ನೋಡೇ, ಮರಗಳು ಹಿಂದೆ ಹೋಗ್ತಿವೆ. ನಿನ್ನ ಮಾವ ನಿಜವಾಗ್ಲೂ ಮುಂದೆ ಹೋಗ್ತಿದ್ದಾನೆ!” ಮಾವನೂ ನಕ್ಕ. ಆಮೇಲೆ ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ, ಇನ್ನೆಷ್ಟು ದೂರ ಓಡೀತು ಎಂದು ತೋರಿಸುವ ಮೀಟರಿನ ಮೇಲೇ ಇದ್ದದ್ದನ್ನು ಕಂಡೆ. ನಾವು ಹತ್ತು ಕಿಲೋಮೀಟರ್ ಹೋದರೆ ಅಲ್ಲಿ ಹದಿನೈದು, ಹದಿನಾರು ಇಳಿಯುತ್ತಿತ್ತು. ಎದುರಿನಿಂದ ಗಾಳಿ ಬಡಿಯುತ್ತಿತ್ತು, ಲಾರಿಗಳ ಟಾರ್ಪಾಲುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವನು ಸದ್ದಿಲ್ಲದೆ ಎ.ಸಿ. ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಏದುಸಿರು ಬಂತು, ನನ್ನ ಮಡಿಲಲ್ಲಿ ವಾಂತಿ ಮಾಡಿಕೊಂಡಳು.

“ಹಾಕು ಮಾವ!” ಎಂದು ಕಿರುಚಿದೆ. ಹಾಕಿದ.

“ನಿಧಾನ ಹೋದ್ರೆ ಮುಟ್ಟತ್ತೆ” ಎಂದ, ತನ್ನಷ್ಟಕ್ಕೆ ತಾನೇ. “ಆದ್ರೆ ಹೊತ್ತಿಗೆ ಮುಟ್ಟಲ್ಲ.”

ಹೊತ್ತಿಗೆ ಮುಟ್ಟುವ ಹಾಗೆ ಓಡಿಸಿದ್ದಕ್ಕೆ ಇನ್ನೂ ಐವತ್ತು ಕಿಲೋಮೀಟರ್ ಇರುವಾಗಲೇ ಬ್ಯಾಟರಿ ತಳ ಕಂಡಿತು. ಹೆದ್ದಾರಿ ಬದಿಯ ಒಂದು ಹೋಟೆಲಿನ ಹಿಂದೆ ಚಾರ್ಜಿಂಗ್ ಯಂತ್ರವಿತ್ತು. ಅದರಲ್ಲಿ ಎರಡು ಕೇಬಲ್, ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ಯಾರದೋ ಬಿಳಿ ಕಾರು ಸಿಕ್ಕಿಸಿಕೊಂಡು ನಿಂತಿತ್ತು. ಮಾವ ಒಳಗೆ ಓಡಿ, ಊಟಕ್ಕೆ ಕೂತವರನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಕಾರಿನವನು ಒಳಗಿರಲಿಲ್ಲ, ಪಕ್ಕದ ಮರದಡಿ ಮಲಗಿದ್ದ. ಹುಡುಕಿ, ಎಬ್ಬಿಸಿ, ಕೈಮುಗಿದು ತೆಗೆಸುವ ಹೊತ್ತಿಗೆ ಮೂರೂವರೆ ದಾಟಿತ್ತು. ನಾನು ನಗರದ ಟ್ಯಾಕ್ಸಿಗಳಿಗೆ ಫೋನ್ ಮಾಡುತ್ತಲೇ ಇದ್ದೆ, ಅಷ್ಟು ದೂರ ಬಂದು ಕರೆದೊಯ್ಯಲು ಯಾರೂ ಒಪ್ಪಲಿಲ್ಲ. ಹೋಟೆಲಿನಲ್ಲಿದ್ದವರೆಲ್ಲ ಎದುರು ದಿಕ್ಕಿಗೆ ಹೊರಟವರು. ಆಸ್ಪತ್ರೆಗೆ ಹೇಳಿದರೆ “ಆದಷ್ಟು ಬೇಗ ಬನ್ನಿ” ಎಂದರು. ಕಾರಿನೊಳಗೆ ಅಮ್ಮ ಸೀಟಿಗೆ ಒರಗಿ, ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡಿದ್ದಳು. ಮಾವ ಅವಳ ಕಡೆ ನೋಡದೆ ಕೇಬಲ್ ಹಿಡಿದು ನಿಂತಿದ್ದ. ಹಿಡಿದುಕೊಂಡರೆ ಬೇಗ ತುಂಬುವುದೇನೂ ಇಲ್ಲ.

ತಲುಪಿದಾಗ ಐದಾಗುತ್ತ ಬಂದಿತ್ತು. ಮೇಜಿನ ಹಿಂದಿದ್ದ ಹೆಂಗಸು ಎದ್ದು ನಿಂತಳು. “ಕಾಯೋವಷ್ಟು ಕಾದ್ವಿ ಅಮ್ಮ. ಇನ್ನೊಬ್ಬರನ್ನ ಒಳಗೆ ತಗೊಂಡಾಯ್ತು.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊರಗಿನ ಬೆಂಚಿನಲ್ಲಿ ಒಬ್ಬಳು ಸೊಸೆಯ ವಯಸ್ಸಿನವಳು, ಆಗತಾನೇ ಒಳಗೆ ಹೋದ ಗಂಡನ ಚಪ್ಪಲಿ ಕೈಯಲ್ಲಿ ಹಿಡಿದು ಅಳುತ್ತ ಕೂತಿದ್ದಳು. ಅಮ್ಮನಿಗೆ ಜಾಗ ಬಿಟ್ಟುಕೊಟ್ಟು, “ನಿಮ್ಮವರೂ ಒಳಗಿದ್ದಾರಾ?” ಎಂದು ಕೇಳಿದಳು.

“ಇಲ್ಲಮ್ಮ” ಎಂದಳು ಅಮ್ಮ. “ನಿಮ್ಮೆಜಮಾನ್ರಿಗೆ ಒಳ್ಳೇದಾಗತ್ತೆ, ಅಳಬೇಡ.” ನನಗೆ ಆ ಹುಡುಗಿಯ ಮೇಲೂ ಹೊಟ್ಟೆ ಉರಿಯಿತು. ಅಮ್ಮನಿಗೆ ಉರಿಯಲಿಲ್ಲವೋ, ತೋರಿಸಲಿಲ್ಲವೋ ತಿಳಿಯದು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲೇ ಕಾರನ್ನು ಪೂರ್ತಿ ತುಂಬಿಸಿಕೊಂಡು ಹೊರಟೆವು. ಮೋಡ ಕವಿದು ತಂಪಾಗಿತ್ತು, ಗಾಳಿ ಬೆನ್ನಿಗಿತ್ತು. ಅವಸರ ಯಾರಿಗೂ ಇರಲಿಲ್ಲ. ಮಾವ ಎಡಬದಿ ಹಿಡಿದು, ಪೆಡಲನ್ನು ಸವರುತ್ತ, ಟ್ರ್ಯಾಕ್ಟರುಗಳ ಹಿಂದೆ ಬಂದ. ಮನೆಯ ಮುಂದೆ ನಿಲ್ಲಿಸಿದಾಗ ಮೀಟರಿನಲ್ಲಿ ಇನ್ನೂ ನೂರು ಕಿಲೋಮೀಟರ್ ಮಿಕ್ಕಿತ್ತು.

ಅವನು ಅದನ್ನೇ ನೋಡುತ್ತ ಕೂತ. “ಅಕ್ಕ, ಲೆಕ್ಕ ಸರಿಯಾಗೇ ಬಂತು” ಎಂದ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಅರ್ಥವಾಯಿತು. ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡು ಮಗುವಿನ ಹಾಗೆ ಅತ್ತ. ನನಗೆ ಅವನನ್ನು ಹೊಡೆಯಬೇಕು ಎನಿಸಿತು, ತಬ್ಬಿಕೊಳ್ಳಬೇಕು ಎಂದೂ ಎನಿಸಿತು. ಎರಡನ್ನೂ ಮಾಡಲಿಲ್ಲ.

ಅಮ್ಮ ಹಿಂದಿನ ಸೀಟಿನಿಂದ ಕೈ ಚಾಚಿ ಅವನ ತಲೆ ನೇವರಿಸಿದಳು. “ಹೌದಪ್ಪ, ನೀನು ಹೇಳಿದಷ್ಟೂ ಬಂತು. ಈಗ ನನ್ನ ಇಳಿಸು, ಡಯಾಲಿಸಿಸ್ಸಿಗೆ ಹೊತ್ತಾಯ್ತು.”

ಆಮೇಲೂ ಅವಳು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಆಸ್ಪತ್ರೆಯಿಂದ ಇನ್ನೊಂದು ಕರೆ ಬರುವ ಮೊದಲೇ ಹೋಗಿಬಿಟ್ಟಳು.